ಕಡುಬಿನ ಪಾತ್ರೆಯ ಕೆಳಗಿನ ಗರ

ಸಾಗರ
27 ಜನವರಿ 2025

ಡಾ. ಧೃತಿ ಅವರಿಗೆ,

ನಾನು ಕ್ಷೇಮ. ನಿಮ್ಮ ಕ್ಷೇಮ ವಿಚಾರಿಸುವ ಮಟ್ಟಕ್ಕೆ ಸಿಟ್ಟು ಇನ್ನೂ ಇಳಿದಿಲ್ಲ.

ನೀವು ಫೋನಿನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀರಿ. ಹತ್ತು ನಿಮಿಷ ಬಿಟ್ಟು ನಾನೂ ನಿಮ್ಮನ್ನು ಮಾಡಿದೆ, ಅದು ಬೇರೆ ಮಾತು. ಪೋಸ್ಟ್‌ಮನ್‌ನನ್ನು ಬ್ಲಾಕ್ ಮಾಡುವ ಉಪಾಯ ಇನ್ನೂ ಯಾರಿಗೂ ಹೊಳೆದಿಲ್ಲವಾದ್ದರಿಂದ ಈ ಪತ್ರ ನಿಮ್ಮ ಪಶು ಆಸ್ಪತ್ರೆಯ ಬಾಗಿಲಿಗೆ ಬರುತ್ತಿದೆ. ಪಿಯುಸಿ ಹಾಸ್ಟೆಲಿನಿಂದ ಹದಿನೇಳು ವರ್ಷ ‘ಏ ಕತ್ತೆ’ ಎಂದು ಕರೆದವಳನ್ನು ‘ನೀವು’ ಎಂದು ಬರೆಯಲು ಪೆನ್ನೇ ಒಪ್ಪುತ್ತಿಲ್ಲ. ಆದರೂ ಬರೆಯುತ್ತೇನೆ. ನನಗೂ ಮರ್ಯಾದೆ ಕೊಡಲು ಬರುತ್ತದೆ ಎಂದು ತಿಳಿಯಲಿ.

ನಡೆದದ್ದನ್ನು ದಾಖಲೆಗಾಗಿ ಬರೆದಿಡುತ್ತೇನೆ. ಜನವರಿ 19ರ ಭಾನುವಾರ ಎಂದಿನಂತೆ ಹೊಸನಗರದಲ್ಲಿ, ಬಿಂದುವಿನ ಮನೆಯ ಊಟದ ಮೇಜಿನ ಸುತ್ತ ನಾವು ನಾಲ್ವರು ನಮ್ಮ ಕಥೆಯಾಟಕ್ಕೆ ಕೂತಿದ್ದೆವು. ಕಥೆ ನಡೆಸುವವರು ನೀವು. ಬಿಂದು ಆಟದಲ್ಲಿ ವೈದ್ಯೆ ಗಂಧವತಿ. ಅವಳ ಗಂಡ ದುರ್ಗೇಶ್ ಕುದುರೆ ವ್ಯಾಪಾರಿ. ಆರು ವರ್ಷದಲ್ಲಿ ಒಂದು ಕುದುರೆಯನ್ನೂ ಮಾರಿಲ್ಲ, ಚಕ್ಕುಲಿಗಾಗಿ ಬರುತ್ತಾನೆ. ನಾನು ಮಿಂಚುಳ್ಳಿ, ಹೆಂಚಿನ ಮೇಲೆ ಸದ್ದಿಲ್ಲದೆ ಓಡುವ ಕಳ್ಳಿ. ಮೇಜಿನ ಮೇಲೆ ನಾನು ಪ್ಲೈವುಡ್ಡಿಗೆ ಕೆಮ್ಮಣ್ಣು ಬಳಿದು, ಪುಂಡಿ ನಾರಿನ ಕುಂಚದಲ್ಲಿ ಅಕ್ಕಿಹಿಟ್ಟಿನ ಎಳೆ ಎಳೆದು, ನಮ್ಮ ಕಡೆ ಮದುವೆಮನೆಯ ಗೋಡೆಗೆ ಚಿತ್ತಾರ ಬರೆಯುವಂತೆಯೇ ಬರೆದ ಕೋಟೆ. ಅದರ ಗೋಡೆಯ ಮೇಲೆ ನನ್ನ ಮಿಂಚುಳ್ಳಿಯ ಮರದ ಗೊಂಬೆ, ಬಿಂದು ರವಿಕೆ ತುಂಡಿನಲ್ಲಿ ಹೊಲಿದ ನೀಲಿ ಅಂಗಿ ತೊಟ್ಟು ನಿಂತಿತ್ತು.

ಮಿಂಚುಳ್ಳಿ ಗೋಡೆಯಿಂದ ಕಂದಕದ ಆಚೆಗೆ ಜಿಗಿಯಬೇಕಿತ್ತು. ದಾಳದಲ್ಲಿ ಎಂಟು ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಆಚೆ ದಡ. ಕಡಿಮೆ ಬಿದ್ದರೆ ಮೊಸಳೆಗೆ ಊಟ. ಉರುಳಿಸಿದೆ. ಒಂಬತ್ತು ಬಿತ್ತು. ನೀವು ಬಗ್ಗಿ ನೋಡಿ, ಲೋಟದ ಕಾಫಿ ಮುಗಿಸಿ, “ಆರು. ಸತ್ತಳು” ಅಂದಿರಿ.

ಆ ದಾಳ ಮಾಡಿದವಳು ನಾನು. ಮರ ಕೆತ್ತುವ ಗುಡಿಗಾರರೊಬ್ಬರ ಅಂಗಡಿಯಲ್ಲಿ ಉಳಿದ ಬೀಟೆಯ ತುಂಡು ತಂದು, ಇಪ್ಪತ್ತು ಮುಖ ಅರದಿಂದ ಉಜ್ಜಿ, ಕನ್ನಡದ ಅಂಕಿಗಳನ್ನು ಕೆತ್ತಿ, ಹನ್ನೆರಡು ದಿನ ಕೂತು ಮಾಡಿದ್ದು. ೬ಕ್ಕೂ ೯ಕ್ಕೂ ಬಾಲದಲ್ಲಷ್ಟೇ ವ್ಯತ್ಯಾಸ, ಆರು ವರ್ಷ ಕೈಯಾಡಿ ಆ ಬಾಲವೂ ಸವೆದಿದೆ, ಒಪ್ಪುತ್ತೇನೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತೀರೇನೋ. ಮುದ್ದಷ್ಟೇ ಅಲ್ಲ, ಗುರುತೂ ಸಿಗುತ್ತದೆ.

‘ಒಂಬತ್ತು’ ಎಂದು ಬರೆದು ಸಹಿ ಹಾಕಿ ಕಳಿಸಿ. ಅಲ್ಲಿಯವರೆಗೆ ಆ ಮೇಜಿಗೆ ನಾನು ಬರುವುದಿಲ್ಲ.

ಇತಿ,
ಶಿಲ್ಪಶ್ರೀ
(ಮಿಂಚುಳ್ಳಿ, ಜೀವಂತ)


ತೀರ್ಥಹಳ್ಳಿ
6 ಫೆಬ್ರವರಿ 2025

ಶ್ರೀಮತಿ ಶಿಲ್ಪಶ್ರೀ ಅವರಿಗೆ,

ವಿಷಯ: ಮಿಂಚುಳ್ಳಿ ಎಂಬ ಕಳ್ಳಿಯ ಮರಣದ ಬಗ್ಗೆ.
ಉಲ್ಲೇಖ: ತಮ್ಮ ದಿನಾಂಕ 27ರ ಬೈಗುಳ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಯಪಡಿಸುವುದೇನೆಂದರೆ, ನಮ್ಮ ಆಟದ ಮೊದಲ ನಿಯಮವನ್ನು ಮಾಡಿದವರು ತಾವೇ: ‘ದಾಳದಲ್ಲಿ ಬಿದ್ದ ಗರ ಓದುವ ಹಕ್ಕು ಕಥೆ ನಡೆಸುವವಳದು, ಉಳಿದವರು ಬಗ್ಗಿ ನೋಡಕೂಡದು.’ ದುರ್ಗೇಶ್ ಒಮ್ಮೆ ಬಗ್ಗಿ ನೋಡಿದ್ದಕ್ಕೆ ಅವನ ಚಕ್ಕುಲಿ ತಟ್ಟೆಯನ್ನು ಕಸಿದವರೂ ತಾವೇ. ನಾನು ಓದಿದ್ದೇನೆ. ಆರು.

ಹಾಸ್ಟೆಲಿನ ಹಳೇ ಕಂಪ್ಯೂಟರಿನಲ್ಲಿ ನಾವು ಮೂವರು ಒಂದೇ ಕುರ್ಚಿಯಲ್ಲಿ ಕೂತು ಕೋಟೆ ಹಾರುವ ವಿಡಿಯೊ ಗೇಮ್ ಆಡುತ್ತಿದ್ದಾಗ, ಜಿಗಿಯುವ ಕೀಯನ್ನು ಕುಟ್ಟಿ ಕುಟ್ಟಿ ಕಿತ್ತುಹಾಕಿದವರು ಯಾರೆಂದೂ ನೆನಪಿಸಬಯಸುತ್ತೇನೆ. ಅದು ಕಿತ್ತುಹೋಗಿದ್ದಕ್ಕೇ ನಾವು ನೋಟುಬುಕ್ಕಿನಲ್ಲಿ ನಮ್ಮದೇ ಕೋಟೆ ಬರೆದು ಆಡಲು ಶುರುಮಾಡಿದ್ದು. ಜಿಗಿತ ತಮ್ಮ ಜಾತಕದಲ್ಲಿ ಮೊದಲಿನಿಂದಲೂ ಸರಿಯಿಲ್ಲ.

ಮಿಂಚುಳ್ಳಿ ವೀರಮರಣ ಹೊಂದಿದ್ದಾಳೆ. ಹೊಸನಗರದ ಕಡೆ ಹೊಲದ ಬದುವಿನಲ್ಲೆಲ್ಲ ವೀರಗಲ್ಲುಗಳಿವೆ. ತಮಗೆ ಉಳಿ ಹಿಡಿಯಲು ಬರುತ್ತದೆ, ಅವಳಿಗೂ ಒಂದು ಕೆತ್ತಿದರೆ ಕಥೆಯಲ್ಲಿ ಒಳ್ಳೆಯ ಜಾಗ ನೋಡಿ ನೆಡಿಸುತ್ತೇನೆ. ಅಲ್ಲಿಗೆ ಆಟವನ್ನೂ ಮುಗಿಸೋಣ. ಎಲ್ಲ ಆಟಕ್ಕೂ ಒಂದು ಕೊನೆ ಬೇಕಲ್ಲ.

ತಮ್ಮ ವಿಶ್ವಾಸಿ,
ಡಾ. ಧೃತಿ
(ಈ ಪತ್ರದ ಮೇಲಿನ ಕಲೆ ಎಮ್ಮೆಯದು. ಅಳು ಎಂದು ತಿಳಿಯಬಾರದು.)


ಹೊಸನಗರ
2 ಮಾರ್ಚ್ 2025

ಶಿಲ್ಪಾ, ಧೃತಿ, ಇಬ್ಬರಿಗೂ,

ಒಂದೇ ಪತ್ರವನ್ನು ಇಬ್ಬರಿಗೂ ಬರೆಯುತ್ತಿದ್ದೇನೆ, ನನ್ನ ಟೈಲರಿಂಗ್ ಅಂಗಡಿಯಲ್ಲಿ ಕಸೂತಿಗೆ ಇಟ್ಟಿದ್ದ ಕಾರ್ಬನ್ ಹಾಕಿ. ಕೆಳಗಿನ ಪ್ರತಿ ಸಿಕ್ಕವಳು ಅದಕ್ಕೊಂದು ಜಗಳ ತೆಗೆಯಬೇಡಿ.

ಸಾಗರಕ್ಕೂ ತೀರ್ಥಹಳ್ಳಿಗೂ ನಡುವೆ ಹೊಸನಗರ ಇದೆ ಎಂದು ನಮ್ಮ ಮನೆಯನ್ನು ಆಟದ ಮನೆ ಮಾಡಿದಿರಿ. ಈಗ ನಡುವೆ ಸಿಕ್ಕವಳು ನಾನು. ಅವತ್ತು ಹೋಗುವಾಗ ಇಬ್ಬರೂ ಒಂದೊಂದು ಬಾಗಿಲಲ್ಲಿ ನಿಂತು, “ಆ ದಾಳ ಯಾರೂ ಮುಟ್‌ಬಾರ್ದು, ಅದು ಸಾಕ್ಷಿ” ಎಂದು ಕೂಗಿ ಹೋದಿರಲ್ಲ, ಬೆಕ್ಕು ಆಡಿಸೀತೆಂದು ದುರ್ಗೇಶ್ ಕೈಗೆ ಸಿಕ್ಕ ಪಾತ್ರೆಯನ್ನು ಅದರ ಮೇಲೆ ಬೋರಲು ಹಾಕಿದ. ಸಿಕ್ಕಿದ್ದು ನಮ್ಮತ್ತೆ ಕೆರಿಯಮ್ಮನವರು ಕಡುಬು ಬೇಯಿಸುವ ಪಾತ್ರೆ. ಆವತ್ತಿನಿಂದ ನಾವು ನೆಲದಲ್ಲಿ ಕೂತು ಊಟ ಮಾಡುತ್ತಿದ್ದೇವೆ.

ಅತ್ತೆಯವರ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ. “ಎಂತದೇ ಇದು! ಮೂರ್ ಕಾಸಿನ ಮರದ್ ಚೂರಿಗೆ ನನ್ ಪಾತ್ರೆ ಕಾವ್ಲಿಗೆ ಹಾಕೀರಿ. ಮನೆಗೇ ಗರ ಬಡ್ದಂಗಾತು. ಆ ಹುಡ್ಗೀರಿಗೆ ಆರು ಒಂಬತ್ತು ಎರಡೂ ಬರಾದಿಲ್ವಂತ?”

ಪಕ್ಕದ ಮನೆಯ ಹೂವಮ್ಮ ಕಳೆದ ತಿಂಗಳು ಹಾಲು ಕೊಡಲು ಬಂದವರು ಪಾತ್ರೆಯನ್ನು ನೋಡಿದರು. ಕೆಂಪು ಚಿತ್ತಾರ, ನಡುವೆ ಬೋರಲು ಪಾತ್ರೆ, ಯಾರೂ ಮುಟ್ಟುವುದಿಲ್ಲ. ಏನು ತಿಳಿದುಕೊಂಡರೋ, ಕೈಮುಗಿದು ಪಾತ್ರೆಗೆ ಕುಂಕುಮ ಇಟ್ಟು ಹೋಗಿದ್ದಾರೆ. ಈಗ ಶುಕ್ರವಾರ ಶುಕ್ರವಾರ ದಾಸವಾಳವೂ ಬರುತ್ತಿದೆ. ನಿಜ ಹೇಳಲು ನನಗೆ ನಾಚಿಕೆ.

ಆರಕ್ಕೇರದೆ ಮೂರಕ್ಕಿಳಿಯದೆ ಬದುಕಿದವರನ್ನು ಕಂಡಿದ್ದೇನೆ. ಆರು ಒಂಬತ್ತರ ನಡುವೆ ಸಿಕ್ಕಿಹಾಕಿಕೊಂಡವರನ್ನು ಈಗಲೇ ನೋಡಿದ್ದು. ಗಂಧವತಿಗೆ ಹೊಸ ಸೊಂಟಪಟ್ಟಿ ಹೊಲಿದಿಟ್ಟಿದ್ದೇನೆ. ನಿಮಗೆ ತೋರಿಸದೆ ಅದು ಚೆನ್ನಾಗಿದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ. ಬನ್ನಿ.

ಇಂತು ನಡುವಿನವಳು,
ಬಿಂದು


ಸಾಗರ
11 ಏಪ್ರಿಲ್ 2025

ಡಾ. ಧೃತಿ ಅವರಿಗೆ,

ವೀರಗಲ್ಲು ಕೆತ್ತುವುದಿಲ್ಲ. ಬದುಕಿದವರಿಗೆ ಕಲ್ಲು ನೆಡುವ ಪದ್ಧತಿ ನಮ್ಮಲ್ಲಿಲ್ಲ. ‘ಆಟ ಮುಗಿಸೋಣ’ ಎಂದು ಬರೆದಿದ್ದೀರಿ. ಆ ಒಂದು ಸಾಲನ್ನು ಎಷ್ಟು ಸಲ ಓದಿದೆನೋ. ಸಾಯಿಸಿದ್ದಕ್ಕಿಂತ ಅದೇ ಹೆಚ್ಚು ಉರಿಯಿತು.

ಇನ್ನೊಂದು ವಿಷಯ. ಇದನ್ನು ನಗುವುದಕ್ಕಲ್ಲ ಹೇಳುತ್ತಿರುವುದು. ಹದಿನೈದು ದಿನಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಕಾಲು ತಾನೇ ಬಸ್‌ಸ್ಟ್ಯಾಂಡಿಗೆ ಹೋಗುತ್ತದೆ. ಮೊನ್ನೆಯಂತೂ ಗೊಂಬೆಗಳ ಚೀಲ ಹಿಡಿದು ಬಸ್ಸನ್ನೇ ಹತ್ತಿಬಿಟ್ಟೆ. ಕಂಡಕ್ಟರ್ “ಹೊಸ್ನಗರ ಒಂದಾ ಅಕ್ಕಾ?” ಅಂದಾಗ ಎಚ್ಚರವಾಯಿತು. “ಬಟ್ಟೆಮಲ್ಲಪ್ಪ” ಅಂದೆ, ದಾರಿ ನಡುವಿನ ಊರು, ಅಲ್ಲಿ ನನಗೆ ಗುರುತಿನ ಒಂದು ನಾಯಿಯೂ ಇಲ್ಲ. ಇಳಿದು, ಚಾ ಕುಡಿದು, ಮುಂದಿನ ಬಸ್ಸಿನಲ್ಲಿ ವಾಪಸು ಬಂದೆ. ಹೊಸನಗರ ಮುಟ್ಟಿ ತಿರುಗಿ ಬಂದ ಅದೇ ಬಸ್ಸು, ಅದೇ ಕಂಡಕ್ಟರ್. “ಕೆಲ್ಸ ಬೇಗ ಆತಲ್ಲ?” ಅಂದ.

ಒಂಬತ್ತು ಎಂದು ಒಂದು ಪದ ಬರೆಯಲು ನಿನಗೆ ನಿಮಗೆ ಅಷ್ಟು ಕಷ್ಟವೇ?

ಇತಿ,
ಶಿಲ್ಪಶ್ರೀ
(ಮೇಲೆ ಹೊಡೆದುಹಾಕಲು ಮರೆತ ‘ನಿನಗೆ’ ಕೈತಪ್ಪಿನಿಂದ ಬಂದದ್ದು.)


ತೀರ್ಥಹಳ್ಳಿ
14 ಜೂನ್ 2025

ಬಿಂದೂ,

ಇದು ನಿನಗೊಬ್ಬಳಿಗೇ. ಕಾರ್ಬನ್ ಹಾಕಬೇಡ.

ನನಗೆ ಬಡ್ತಿ ಬಂದಿದೆ, ಜೊತೆಗೆ ಬೀದರಿಗೆ ವರ್ಗ. ರಾಜ್ಯದ ಭೂಪಟದಲ್ಲಿ ನಮ್ಮ ಕಡೆಯಿಂದ ಬೆರಳಿಟ್ಟು ಮೇಲೆ ಹೋಗುತ್ತಾ ಹೋದರೆ ಬೆರಳು ಸುಸ್ತಾದಾಗ ಸಿಗುವ ಊರು. ಆದೇಶ ಈಗ ಕೈಗೆ ಬಂದಿದೆ, ಆದರೆ ಪಟ್ಟಿಯಲ್ಲಿ ಹೆಸರಿದೆ ಎಂದು ಜನವರಿ ಹತ್ತಕ್ಕೇ ಗೊತ್ತಾಗಿತ್ತು. ಹತ್ತೊಂಬತ್ತರಂದು ನಿಮಗೆಲ್ಲ ಹೇಳಬೇಕೆಂದೇ ಬಂದಿದ್ದೆ. ನೀನು ಚಕ್ಕುಲಿ ತಂದಿಟ್ಟೆ, ಶಿಲ್ಪಾ ಹೊಸ ಮೊಸಳೆ ಕೆತ್ತಿ ತಂದಿದ್ದಳು, ಹಲ್ಲು ಎಣಿಸಿ ತೋರಿಸಿದಳು. ವರ್ಗದ ಸುದ್ದಿ ಬಿಟ್ಟು ಕಥೆ ಶುರುಮಾಡಿದೆ.

ಆಗಸ್ಟ್ ಕೊನೆಗೆ ಹೊರಡಬೇಕು. ಅವಳಿಗೆ ಹೇಳಬೇಡ. ನಾನೇ ಹೇಳುತ್ತೇನೆ, ಹೇಗೆಂದು ಗೊತ್ತಾದ ಮೇಲೆ. ಕೆರಿಯಮ್ಮನವರಿಗೆ ನಮಸ್ಕಾರ. ಪಾತ್ರೆಗೂ.

ನಿನ್ನ,
ಧೃತಿ


ಹೊಸನಗರ
30 ಜುಲೈ 2025

ಶಿಲ್ಪಾ, ಧೃತಿ,

ಸಾಕ್ಷಿ ನಾಶವಾಗಿದೆ.

ನಿನ್ನೆ ನಾಗರಪಂಚಮಿ. ನಾನು ಸ್ನಾನಕ್ಕೆ ಹೋಗಿದ್ದಾಗ ಅತ್ತೆಯವರು ಹಿತ್ತಿಲಿಂದ ಒಂದು ಹೊರೆ ಅರಿಶಿನ ಎಲೆ ಕೊಯ್ದು ತಂದು, ಸೀದಾ ಮೇಜಿನ ಹತ್ತಿರ ಹೋಗಿ, “ನಾಗಪ್ಪನಿಗಿಂತ ನಿಮ್ ಮೊಸ್ಳೆ ದೊಡ್ಡದಲ್ಲ” ಎಂದು ಪಾತ್ರೆಯನ್ನು ಎತ್ತಿಬಿಟ್ಟರಂತೆ. ದಾಳ ಉರುಳಿ ಕೆಳಗೆ ಬಿತ್ತು. ಬೆಕ್ಕು ಆರು ತಿಂಗಳಿಂದ ಇದಕ್ಕೇ ಕಾಯುತ್ತಿತ್ತು. ಅಕ್ಕಿಡಬ್ಬದ ಹಿಂದಿನಿಂದ ನಾನು ಅದನ್ನು ಎತ್ತುವಷ್ಟರಲ್ಲಿ ಮನೆಯೆಲ್ಲ ಕಡುಬಿನ ಘಮ. ಆರು ತಿಂಗಳಾದ ಮೇಲೆ ಮೇಜಿನ ಮೇಲೆ ಊಟ ಮಾಡಿದೆವು. ಹೂವಮ್ಮ ದಾಸವಾಳ ಹಿಡಿದು ಬಂದವರು ಖಾಲಿ ಜಾಗ ನೋಡಿ ಗಾಬರಿಯಾದರು. ಅವರಿಗೂ ನಾಲ್ಕು ಕಡುಬು ಕೊಟ್ಟು ಕಳಿಸಿದೆ.

ಈಗ ಗಟ್ಟಿಯಾಗಿ ಕೂತುಕೊಂಡು ಓದಿ.

ಊಟವಾದ ಮೇಲೆ ದುರ್ಗೇಶನೂ ನಾನೂ ದಾಳವನ್ನು ಕಿಟಕಿಯ ಬೆಳಕಿಗೆ ಹಿಡಿದು, ಆರು ಯಾವುದು ಒಂಬತ್ತು ಯಾವುದು ಗುರುತು ಮಾಡಿಯೇ ಬಿಡೋಣ ಎಂದು ಒಂದೊಂದೇ ಮುಖಕ್ಕೆ ಸೀಮೆಸುಣ್ಣ ತಿಕ್ಕಿದೆವು. ಬಗ್ಗಿ ನೋಡಕೂಡದೆಂಬ ನಿಯಮದಿಂದ ಇಷ್ಟು ವರ್ಷ ನಾವು ಯಾರೂ ಅದನ್ನು ಹೀಗೆ ನೋಡಿಯೇ ಇರಲಿಲ್ಲ. ಹದಿನಾರಿದೆ, ಹತ್ತೊಂಬತ್ತಿದೆ, ಸರಿಯಾಗಿವೆ. ಆದರೆ ಒಂಟಿ ಅಂಕಿಗಳಲ್ಲಿ ಹದಿನಾರರ ಆರಿನಂಥದೇ ಎರಡಿವೆ. ಹತ್ತೊಂಬತ್ತರ ಒಂಬತ್ತಿನಂಥದು ಒಂದೂ ಇಲ್ಲ. ನಾಲ್ಕು ಸಲ ಎಣಿಸಿದೆವು. ಅತ್ತೆಯವರೂ ಕನ್ನಡಕ ಹಾಕಿಕೊಂಡು ಎಣಿಸಿದರು.

ಶಿಲ್ಪಾ, ನೀನು ಆರನ್ನು ಎರಡು ಸಲ ಕೆತ್ತಿದ್ದೀಯ. ಈ ದಾಳದಲ್ಲಿ ಒಂಬತ್ತೇ ಇಲ್ಲ.

ನಿಮ್ಮ,
ಬಿಂದು


ಸಾಗರ
5 ಆಗಸ್ಟ್ 2025

ಧೃತಿ,

‘ನೀವು’ ಕೈಬಿಟ್ಟಿದ್ದೇನೆ. ಆ ಮರ್ಯಾದೆಗೆ ಈಗ ನಾನೇ ಲಾಯಕ್ಕಿಲ್ಲ.

ದಾಳ ಕೆತ್ತುವ ಮೊದಲು ಮಾಡಿದ್ದ ರಟ್ಟಿನ ಮಾದರಿಯನ್ನು ಅಟ್ಟದಿಂದ ಇಳಿಸಿ ನೋಡಿದೆ. ಅದರಲ್ಲೂ ಎರಡು ಆರು. ಹೆಗ್ಗಣದ ಗುರುತು ಸಿಗುತ್ತದೆ ಎಂದು ಬರೆದವಳು ನಾನು. ನಗು, ಪರವಾಗಿಲ್ಲ, ಪೂರ್ತಿ ನಗು.

ನಕ್ಕು ಮುಗಿದಿದ್ದರೆ ಒಂದು ಪ್ರಶ್ನೆ. ದುರ್ಗೇಶನಿಗೆ ಪ್ರತಿ ಆಟದ ಕಥೆಯನ್ನು ನೋಟುಬುಕ್ಕಿನಲ್ಲಿ ಬರೆದಿಡುವ ಚಟ ಗೊತ್ತಲ್ಲ. ಅದನ್ನು ತರಿಸಿಕೊಂಡೆ. ಮಿಂಚುಳ್ಳಿ ಅರಮನೆಯ ಮಾಡಿನಿಂದ ಜಾರಿದಾಗ ಒಂಬತ್ತು ಬಿದ್ದು ಉಳಿದಳು. ಹಾವು ಕಚ್ಚಿದಾಗ ಒಂಬತ್ತು. ಸೆರೆಮನೆಯ ಬೀಗಕ್ಕೆ ಒಂಬತ್ತು. ನಾನು ಎಣಿಸುತ್ತಾ ಹೋದೆ, ಇಪ್ಪತ್ಮೂರಕ್ಕೆ ಮುಗಿಯಿತು. ಇಲ್ಲದ ಒಂಬತ್ತು ಇಪ್ಪತ್ಮೂರು ಸಲ ಹೇಗೆ ಬಿತ್ತು? ಓದಿದವಳು ನೀನು.

ಮತ್ತೆ, ಇಪ್ಪತ್ನಾಲ್ಕನೇ ಸಲ ಯಾಕೆ ಓದಲಿಲ್ಲ? ಅಷ್ಟೇ ಹೇಳು. ಬಯ್ಯುವುದಿಲ್ಲ.

ಶಿಲ್ಪಾ


ತೀರ್ಥಹಳ್ಳಿ
14 ಆಗಸ್ಟ್ 2025

ಶಿಲ್ಪಾ,

ಮೊದಲನೇ ತಿಂಗಳಲ್ಲೇ ನೋಡಿದ್ದೆ. ನೀನು ದಾಳ ತಂದುಕೊಟ್ಟ ದಿನ ಎರಡು ಬೆರಳಿಗೆ ಪಟ್ಟಿ ಇತ್ತು. ‘ಹನ್ನೆರಡು ದಿನ ಹಿಡೀತು ಕಣೇ’ ಎಂದು ಹನ್ನೆರಡು ಸಲ ಹೇಳಿದೆ. ಅಂಥವಳಿಗೆ ಒಂಬತ್ತು ಮರೆತಿದ್ದೀಯ ಎಂದು ಹೇಳುವ ಧೈರ್ಯ ಎಮ್ಮೆಯ ಬಾಯಿಗೆ ಕೈ ಹಾಕುವ ನನಗೂ ಇರಲಿಲ್ಲ. ಎರಡು ಆರಿವೆಯಲ್ಲ, ಬೇಕಾದಾಗ ಒಂದನ್ನು ಒಂಬತ್ತು ಎಂದು ಓದಿದರಾಯಿತು ಎಂದುಕೊಂಡೆ. ನಿನ್ನಪ್ಪ ಆಸ್ಪತ್ರೆಯಲ್ಲಿದ್ದ ವರ್ಷ ನೀನು ಉರುಳಿಸಿದ ಕೂಡಲೇ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಆಗ ಆರು ಎಂದು ಓದುವ ಬಾಯಿ ಯಾರಿಗೆ ಬರುತ್ತದೆ ಹೇಳು. ಆ ವರ್ಷ ಒಂದು ಆರನ್ನೂ ಓದಿದ ನೆನಪು ನನಗಿಲ್ಲ.

ಈಗ ಇಪ್ಪತ್ನಾಲ್ಕನೆಯದು. ನನಗೆ ಬೀದರಿಗೆ ವರ್ಗವಾಗಿದೆ. ಜನವರಿಯಲ್ಲೇ ಗೊತ್ತಾಗಿತ್ತು. ಬಿಂದುವಿಗೆ ಜೂನಿನಲ್ಲಿ ಹೇಳಿದೆ, ಬಾಯಿ ಬಿಡಬೇಡ ಎಂದೆ, ಅವಳ ಮೇಲೆ ಸಿಟ್ಟಾಗಬೇಡ. ಅವತ್ತು ಆ ಮೇಜಿನ ಮುಂದೆ ಕೂತಾಗ, ಇನ್ನು ನಾನಿಲ್ಲದೆ ನೀವು ಆಡುತ್ತೀರಿ, ಇನ್ಯಾರೋ ಕಥೆ ನಡೆಸುತ್ತಾರೆ, ಮಿಂಚುಳ್ಳಿ ಅವರ ಕಥೆಯಲ್ಲಿ ಹೆಂಚು ಹತ್ತುತ್ತಾಳೆ ಅನ್ನಿಸಿತು. ಹೊಟ್ಟೆಕಿಚ್ಚು ಕಣೇ, ಬೇರೆ ಹೆಸರಿಲ್ಲ ಅದಕ್ಕೆ. ಅವಳೇ ಸತ್ತರೆ ಆಟ ಮುಗಿಯಿತು, ನಾನು ಬಿಟ್ಟುಹೋದ ಹಾಗಾಗುವುದಿಲ್ಲ ಎಂದುಕೊಂಡೆ. ಬಗ್ಗಿ ನೋಡಿದರೆ ಆರೇ ಬಿದ್ದಿತ್ತು. ಅಷ್ಟು ವರ್ಷ ಒಳ್ಳೆ ಮನಸ್ಸಿನಿಂದ ಸುಳ್ಳು ಓದಿದವಳು ಅವತ್ತು ಕೆಟ್ಟ ಮನಸ್ಸಿನಿಂದ ನಿಜ ಓದಿದೆ.

ನೀನು ಒಂಬತ್ತು ಎಂದು ಬರೆದು ಕಳಿಸು ಎಂದಾಗಲೆಲ್ಲ ಬರೆಯಲು ಕೂತೆ. ಬರೆದರೆ ಉಳಿದದ್ದನ್ನೂ ಬರೆಯಬೇಕಾಗುತ್ತದೆ ಎಂದು ಎದ್ದೆ. 25ಕ್ಕೆ ಹೊರಡುತ್ತೇನೆ, ಸಂಜೆಯ ಬಸ್ಸು.

ತಪ್ಪಾಯಿತು.

ಧೃತಿ
(ಈ ಸಲದ ಕಲೆ ಎಮ್ಮೆಯದಲ್ಲ.)


ಸಾಗರ
12 ಸೆಪ್ಟೆಂಬರ್ 2025

ಏ ಕತ್ತೆ,

ಬೀದರಿನಲ್ಲಿ ರೊಟ್ಟಿ ತಿಂದು ಹಲ್ಲು ಗಟ್ಟಿಯಾಯಿತೇ?

ಅವತ್ತು ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ನಾವು ಏನು ಮಾತಾಡಿದೆವು ಎಂದು ನೆನೆಸಿಕೊಂಡರೆ ನನಗೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ. ಏಳು ತಿಂಗಳಾದ ಮೇಲೆ ಮುಖ ನೋಡಿದ್ದು. “ಕೊಡೆ ತಗಂಡ್ಯಾ?” ಅಂದೆ. “ಅಲ್ಲಿ ಮಳೆ ಕಮ್ಮಿ ಮಾರಾಯ್ತಿ” ಅಂದೆ ನೀನು. “ಚಟ್ನಿಪುಡಿ ಡಬ್ಬ ನೆಟ್ಟಗೆ ಇಟ್ಕ, ಚೆಲ್ಲುತ್ತೆ” ಅಂದೆ ನಾನು. ಬಸ್ಸು ಹೊರಟುಹೋಯಿತು. ನೀನಿಲ್ಲದೆ ಸಂಕಟವಾಗುತ್ತದೆ ಎಂದು ಹೇಳಬೇಕೆಂದು ಅಷ್ಟು ದೂರ ಬಂದಿದ್ದೆ. ಈಗ ಹೇಳುತ್ತಿದ್ದೇನೆ. ತುಂಬ ಸಂಕಟವಾಗುತ್ತದೆ.

ಈಗ ವ್ಯವಹಾರಕ್ಕೆ ಬರೋಣ. ಕಳೆದ ಭಾನುವಾರ ಹೊಸನಗರದಲ್ಲಿ ಪಂಚಾಯಿತಿ ಸೇರಿತ್ತು. ಅಧ್ಯಕ್ಷತೆ ಕೆರಿಯಮ್ಮನವರದು. ಒಂಬತ್ತೇ ಇಲ್ಲದ ದಾಳದಲ್ಲಿ ಬಿದ್ದ ಗರ ಗರವಲ್ಲ, ಮಿಂಚುಳ್ಳಿ ಸತ್ತೂ ಇಲ್ಲ, ಬದುಕಿಯೂ ಇಲ್ಲ, ಇನ್ನೂ ಕಂದಕದ ಮೇಲೆ ಗಾಳಿಯಲ್ಲೇ ಇದ್ದಾಳೆ ಎಂದು ತೀರ್ಪಾಗಿದೆ. “ಪಾಪ, ಎಂಟ್ ತಿಂಗ್ಳಾಗ್ತಾ ಬಂತು, ಇಳಿಸ್ರೇ ಅದನ್ನ” ಅಂದರು ಅವರು. ಇನ್ನು ಮೇಲೆ ಕಥೆ ಟಪಾಲಿನಲ್ಲಿ ನಡೆಯುತ್ತದೆ. ಅದನ್ನು ನಡೆಸುವವಳು ನೀನೇ. ಬೇರೆಯವರು ನಡೆಸುತ್ತಾರಂತೆ! ನಿನ್ನ ತಲೆ.

ಜೊತೆಗಿರುವ ಡಬ್ಬಿಯಲ್ಲಿ ದಾಳ ಇದೆ, ಹತ್ತಿಯಲ್ಲಿ ಸುತ್ತಿಟ್ಟಿದ್ದೇನೆ. ಕೆಳಗಿರುವ ನೀಲಿ ಚೀಲ ಬಿಂದು ಅದಕ್ಕೆಂದೇ ಹೊಲಿದದ್ದು. ಒಂದು ಆರಕ್ಕೆ ಬಾಲ ತಿದ್ದಿ ಒಂಬತ್ತು ಮಾಡೋಣ ಎಂದು ಉಳಿ ಹಿಡಿದು ಕೂತಿದ್ದೆ. ತಿದ್ದಿದರೆ ನಿನ್ನ ಕೆಲಸ ಹೋಗುತ್ತದೆ ಅನ್ನಿಸಿತು, ಉಳಿ ಕೆಳಗಿಟ್ಟೆ. ಇದ್ದ ಹಾಗೇ ಕಳಿಸಿದ್ದೇನೆ.

ಜಿಗಿತಕ್ಕೆ ಎಂಟು ಅಥವಾ ಹೆಚ್ಚು ಬೇಕು, ನೆನಪಿದೆ ತಾನೆ. ನೀನೇ ಉರುಳಿಸು, ನೀನೇ ಓದು. ಪಕ್ಕದಲ್ಲಿ ನಾವು ಯಾರೂ ಬಗ್ಗಿ ನೋಡುವುದಿಲ್ಲ. ಏನು ಬಿತ್ತೋ ಅದನ್ನು ಬರೆ. ಅದೇ ಖಾಯಂ.

ನಿನ್ನ,
ಶಿಲ್ಪಾ
(ಮಿಂಚುಳ್ಳಿ, ಗಾಳಿಯಲ್ಲಿ)


ಬೀದರ್
21 ಸೆಪ್ಟೆಂಬರ್ 2025

ಶಿಲ್ಪಾ,

ಇವತ್ತು ಭಾನುವಾರ. ಇಲ್ಲಿಯ ಕೋಟೆಯ ಕಂದಕದ ಪಕ್ಕದಲ್ಲೇ ಕೂತು ಉರುಳಿಸಿದೆ. ಎರಡು ಸಲ ಬಗ್ಗಿ ನೋಡಿದೆ.

ಒಂಬತ್ತು.

ಧೃತಿ